ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ, ಮಹಾವೀರ ಚಕ್ರ (ಮರಣೋತ್ತರ)

ಭಾರತೀಯ ವಾಯುಪಡೆಯ ಯುದ್ಧವಿಮಾನ ಚಾಲಕರಾಗಿದ್ದು, 1965ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ವೀರಮರಣವನ್ನಪ್ಪಿದ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಜೀವನ ಮತ್ತು ಸೇವೆಯ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ಶ್ರೀಯುತರು 1965ನೇ ಸೆಪ್ಟೆಂಬರ್ 7ರ ನಸುಕಿನಲ್ಲಿ, ವೇಗದಲ್ಲಿಯೂ ಶಸ್ತ್ರಬಲದಲ್ಲಿಯೂ ತಮ್ಮ ವಿಮಾನಕ್ಕಿಂತ ಬಹಳ ಮೇಲಾಗಿದ್ದ ಶತ್ರು ವಿಮಾನವೊಂದನ್ನು ಎದುರಿಸಿ ಹೊಡೆದುರುಳಿಸಿದರು. ಅವರು ಮಾತ್ರ ಹಿಂದಿರುಗಲಿಲ್ಲ. ಈ ಕಾದಾಟದ ಸಂಗತಿ ಬೆಳಕಿಗೆ ಬರಲು 14 ವರ್ಷಗಳೂ, ಅದಕ್ಕೆ ತಕ್ಕ ಗೌರವ ಸಲ್ಲಲು 23 ವರ್ಷಗಳೂ ಬೇಕಾದವು.

2025ನೇ ಜನವರಿಯಲ್ಲಿ ತೆರೆಕಂಡ ಹಿಂದಿ ಚಲನಚಿತ್ರ ಸ್ಕೈ ಫೋರ್ಸ್, ಇವರ ಜೀವನದಿಂದ ಪ್ರೇರಿತವಾದುದು. ಆ ಚಿತ್ರದ ನಂತರ ಶ್ರೀ ದೇವಯ್ಯನವರ ಹೆಸರು ಹೊಸ ಪೀಳಿಗೆಗೆ ಪರಿಚಿತವಾಗಿದೆ. ಚಲನಚಿತ್ರದಲ್ಲಿ ಪಾತ್ರಗಳ ಹೆಸರುಗಳನ್ನು ಬದಲಿಸಲಾಗಿದ್ದು, ಕಥೆಯ ಅಗತ್ಯಕ್ಕೆ ತಕ್ಕಂತೆ ಸನ್ನಿವೇಶಗಳನ್ನು ಕಲ್ಪಿಸಲಾಗಿದೆ. ಈ ಪುಟದಲ್ಲಿರುವುದು ಚಿತ್ರದ ಕಥೆಯಲ್ಲ, ನಡೆದ ಸಂಗತಿ.

ಜನನ ಮತ್ತು ಹಿನ್ನೆಲೆ

ಶ್ರೀ ದೇವಯ್ಯನವರು 1932ನೇ ಡಿಸೆಂಬರ್ 24ರಂದು ಕೊಡಗಿನಲ್ಲಿ ಜನಿಸಿದರು. ತಂದೆ ಡಾ. ಬೋಪಯ್ಯ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಮೊದಲಿಗೆ ಬರುವುದು ಪದ್ಧತಿ. ಅದರಂತೆ ಅಜ್ಜಮಾಡ ಎಂಬುದು ಮನೆತನದ ಹೆಸರು, ಬೋಪಯ್ಯ ಎಂಬುದು ತಂದೆಯ ಹೆಸರು. ಇಂಗ್ಲಿಷ್ ದಾಖಲೆಗಳಲ್ಲಿ ಇವರನ್ನು ಎ. ಬಿ. ದೇವಯ್ಯ ಎಂದು ನಮೂದಿಸಲಾಗಿದ್ದು, ಹೆಸರಿನ ಕಾಗುಣಿತವು ಒಂದೊಂದು ಕಡೆ ಒಂದೊಂದು ರೀತಿಯಲ್ಲಿದೆ. ಇವರ ಬಗ್ಗೆ ಮಾಹಿತಿ ಹುಡುಕುವವರು ಇದನ್ನು ಗಮನದಲ್ಲಿಡುವುದು ಉಪಯುಕ್ತ.

ಅವರು ಜನಿಸಿದಾಗ ಕೊಡಗು, ಮುಖ್ಯ ಆಯುಕ್ತರ ಆಡಳಿತಕ್ಕೊಳಪಟ್ಟ ಪ್ರತ್ಯೇಕ ಪ್ರಾಂತ್ಯವಾಗಿತ್ತು. ಅವರು ವಾಯುಪಡೆಗೆ ಸೇರಿದಾಗ ಅದು ಕೂರ್ಗ್ ಎಂಬ ಸಣ್ಣ ರಾಜ್ಯವಾಗಿತ್ತು. 1956ನೇ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾದ ಕಾರಣ, ಅವರು ಹುತಾತ್ಮರಾದಾಗ ಮೈಸೂರು ರಾಜ್ಯದ ಜಿಲ್ಲೆಯಾಗಿತ್ತು. ಪ್ರಶಸ್ತಿ ದೊರೆಯುವ ವೇಳೆಗೆ ರಾಜ್ಯದ ಹೆಸರು ಕರ್ನಾಟಕವೆಂದಾಗಿ 14 ವರ್ಷಗಳು ಕಳೆದಿದ್ದವು.

ಕೊಡಗಿನಲ್ಲಿ ಸೈನ್ಯ ಸೇರುವುದು ಮನೆಮನೆಯ ಮಾತು. ಪ್ರತಿ ವರ್ಷ ಸೆಪ್ಟೆಂಬರ್ ಮೊದಲ ವಾರದಲ್ಲಿ, ನಾಟಿ ಕೆಲಸ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಂದು ಮನೆಯ ಕೋವಿ, ಒಡಿಕತ್ತಿಗಳನ್ನು ತೊಳೆದು ಹೂವಿಟ್ಟು ಪೂಜಿಸಲಾಗುತ್ತದೆ. ಶ್ರೀ ದೇವಯ್ಯನವರಿಗೆ 16 ವರ್ಷವಾಗಿದ್ದಾಗ, 1949ನೇ ಜನವರಿ 15ರಂದು, ಕೊಡಗಿನವರೇ ಆದ ಜನರಲ್ ಕೆ. ಎಂ. ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡರು. ಜನರಲ್ ಕೆ. ಎಸ್. ತಿಮ್ಮಯ್ಯನವರು 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಕೊಡಗಿನ ಪರಂಪರೆ ಬಹುಮಟ್ಟಿಗೆ ಭೂಸೇನೆಯದು. ವಾಯುಪಡೆಯನ್ನು ಆರಿಸಿಕೊಂಡ ಯುವಕರು ಆ ಪರಂಪರೆಗೆ ಹೊಸದೊಂದು ದಾರಿಯನ್ನು ಸೇರಿಸಿದರು.

ವಾಯುಪಡೆಯಲ್ಲಿ ಸೇವೆ

ಶ್ರೀ ದೇವಯ್ಯನವರು 1954ನೇ ಡಿಸೆಂಬರ್ 6ರಂದು ಪೈಲಟ್ ಅಧಿಕಾರಿಯಾಗಿ ವಾಯುಪಡೆಯ ಸೇವೆಗೆ ಸೇರ್ಪಡೆಯಾದರು. ಮುಂದಿನ ವರ್ಷಗಳಲ್ಲಿ ನುರಿತ ವೈಮಾನಿಕರೆಂದು ಹೆಸರು ಗಳಿಸಿ, ಸ್ಕ್ವಾಡ್ರನ್ ಲೀಡರ್ ಹುದ್ದೆಗೆ ಏರಿ, ವಾಯುಪಡೆಯ ಹಾರಾಟ ಕಾಲೇಜಿನಲ್ಲಿ ಬೋಧಕರಾಗಿ ನಿಯುಕ್ತರಾದರು. ಸ್ವಲ್ಪ ದಪ್ಪನೆಯ ಮೈಕಟ್ಟಿನವರಾಗಿದ್ದುದರಿಂದ ಸಹೋದ್ಯೋಗಿಗಳ ನಡುವೆ ಇವರಿಗೆ ಟಬ್ಬಿ ಎಂಬ ಅಡ್ಡಹೆಸರಿತ್ತು. ಕಿರಿದಾದ ಕಾಕ್‌ಪಿಟ್‌ನಲ್ಲಿ ಕುಳಿತು ಕೆಲಸ ಮಾಡುವ ಯುದ್ಧ ವೈಮಾನಿಕರಲ್ಲಿ ಇಂತಹ ಹೆಸರುಗಳು ಸಲಿಗೆಯ ಗುರುತು.

ಬೋಧಕ ಹುದ್ದೆಯ ಬಗ್ಗೆ ಒಂದು ಮಾತನ್ನು ಇಲ್ಲಿ ಹೇಳಬೇಕಾಗುತ್ತದೆ. ಹಾರಾಟ ಕಲಿಸುವವರು, ವಿಮಾನವು ಯಾವ ವೇಗದಲ್ಲಿ ಎಷ್ಟು ತಿರುಗಬಲ್ಲದು, ಎಲ್ಲಿ ಹಿಡಿತ ತಪ್ಪುತ್ತದೆ, ತಪ್ಪಿದ ಹಿಡಿತವನ್ನು ಮರಳಿ ಹೇಗೆ ಪಡೆಯಬೇಕು ಎಂಬುದನ್ನು ದಿನವೂ ಶಿಷ್ಯರಿಗೆ ಮಾಡಿ ತೋರಿಸಬೇಕು. ಬೋಧಕರನ್ನು ಯುದ್ಧ ಘಟಕಗಳಿಂದ ದೂರವಿರುವವರೆಂದು ಭಾವಿಸುವುದು ಸರಿಯಲ್ಲ. ವಿಮಾನದ ಮಿತಿಯನ್ನು ಅವರಷ್ಟು ಚೆನ್ನಾಗಿ ಅರಿತವರು ವಿರಳ. 1965ರ ಸೆಪ್ಟೆಂಬರ್ 7ರಂದು ನಡೆದುದನ್ನು ಅರ್ಥಮಾಡಿಕೊಳ್ಳಲು ಇದು ನೆರವಾಗುತ್ತದೆ.

ಯುದ್ಧ ಸನ್ನಿಹಿತವಾದಾಗ ಶ್ರೀ ದೇವಯ್ಯನವರನ್ನು ವಾಯುಪಡೆಯ 1ನೇ ಸ್ಕ್ವಾಡ್ರನ್‌ಗೆ ನಿಯೋಜಿಸಲಾಯಿತು. ಟೈಗರ್ಸ್ ಎಂದು ಖ್ಯಾತವಾದ ಈ ಘಟಕವು ಭಾರತೀಯ ವಾಯುಪಡೆಯ ಮೊಟ್ಟಮೊದಲ ಸ್ಕ್ವಾಡ್ರನ್ ಆಗಿದ್ದು, 1933ನೇ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ಸ್ಥಾಪನೆಗೊಂಡಿತ್ತು. 32 ವರ್ಷಗಳ ನಂತರ ಅದೇ ಘಟಕವು, ದೇಶ ವಿಭಜನೆಯ ಫಲವಾಗಿ, ತಾನು ಹುಟ್ಟಿದ ನೆಲದ ವಾಯುಪಡೆಯ ವಿರುದ್ಧವೇ ಯುದ್ಧಕ್ಕೆ ನಿಂತಿತು. 1965ರಲ್ಲಿ ವಾಯುಪಡೆಯ ಮುಖ್ಯಸ್ಥರಾಗಿದ್ದ ಏರ್ ಮಾರ್ಷಲ್ ಅರ್ಜನ್ ಸಿಂಗ್ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಸ್ಕ್ವಾಡ್ರನ್‌ನ ನಾಯಕತ್ವ ವಹಿಸಿದ್ದವರು.

ಯುದ್ಧದ ಹಿನ್ನೆಲೆ

1965ನೇ ಆಗಸ್ಟ್ ತಿಂಗಳಲ್ಲಿ ಪಾಕಿಸ್ತಾನವು ಜಮ್ಮು ಮತ್ತು ಕಾಶ್ಮೀರದೊಳಗೆ ಶಸ್ತ್ರಸಜ್ಜಿತ ನುಸುಳುಕೋರರನ್ನು ಕಳುಹಿಸಿತು. ಸೆಪ್ಟೆಂಬರ್ 1ರಂದು ಛಂಬ್ ವಲಯದಲ್ಲಿ ಟ್ಯಾಂಕ್‌ಗಳೊಡನೆ ದಾಳಿ ಆರಂಭಿಸಿತು. ಅಂದು ಸಂಜೆ ಭಾರತೀಯ ವಾಯುಪಡೆ ಕಣಕ್ಕಿಳಿಯಿತು. ಸೆಪ್ಟೆಂಬರ್ 6ರಂದು ಭಾರತೀಯ ಭೂಸೇನೆಯು ಅಂತಾರಾಷ್ಟ್ರೀಯ ಗಡಿಯನ್ನು ದಾಟಿ ಲಾಹೋರ್ ದಿಕ್ಕಿನಲ್ಲಿ ಮುನ್ನುಗ್ಗಿತು. ಅದೇ ದಿನ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್, ಆದಂಪುರ ಮತ್ತು ಹಲ್ವಾರಾ ನೆಲೆಗಳತ್ತ ದಾಳಿಗೆ ಹೊರಟವು. ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ಹಲವು ವಿಮಾನಗಳು ನಾಶವಾದವು.

ಇದಕ್ಕೆ ಪ್ರತಿಯಾಗಿ ಮರುದಿನ ನಸುಕಿನಲ್ಲಿಯೇ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ನಡೆಸಲು ನಿರ್ಧರಿಸಲಾಯಿತು. ಸರ್ಗೋಧಾ, ಪಾಕಿಸ್ತಾನ ವಾಯುಪಡೆಯ ಹೃದಯಸ್ಥಾನ. ಅದರ ಸೇಬರ್ ಮತ್ತು ಸ್ಟಾರ್‌ಫೈಟರ್ ವಿಮಾನಗಳಲ್ಲಿ ಬಹುಪಾಲು ಅಲ್ಲಿಯೇ ಇದ್ದವು. ಮುಖ್ಯ ನೆಲೆಯ ಸುತ್ತ ಸಣ್ಣ ಉಪನೆಲೆಗಳಿದ್ದು, ರೇಡಾರ್ ಹಾಗೂ ವಿಮಾನ ನಿರೋಧಕ ಫಿರಂಗಿಗಳ ಕಾವಲಿತ್ತು. ಪಂಜಾಬಿನ ಆದಂಪುರದಿಂದ ನೇರ ರೇಖೆಯಲ್ಲಿ ಸುಮಾರು 300 ಕಿಲೋಮೀಟರ್ ದೂರ.

ಎರಡು ವಿಮಾನಗಳು

1ನೇ ಸ್ಕ್ವಾಡ್ರನ್‌ನಲ್ಲಿ ಬಳಕೆಯಲ್ಲಿದ್ದುದು ಫ್ರಾನ್ಸ್‌ನ ದಾಸೋ ಸಂಸ್ಥೆ ತಯಾರಿಸಿದ ಮಿಸ್ಟೇರ್ ವಿಮಾನ. 1957ರಿಂದ ಭಾರತೀಯ ವಾಯುಪಡೆಯಲ್ಲಿದ್ದ ಇದು ಗಟ್ಟಿಮುಟ್ಟಾದ, ನೆಲದ ಗುರಿಗಳ ಮೇಲೆ ದಾಳಿ ನಡೆಸಲು ಸೂಕ್ತವಾದ ವಿಮಾನ. ಗಂಟೆಗೆ ಸುಮಾರು 1,100 ಕಿಲೋಮೀಟರ್ ಇದರ ಗರಿಷ್ಠ ವೇಗ. ಕಡಿದಾಗಿ ಕೆಳಕ್ಕೆ ಧುಮುಕುವಾಗಲಷ್ಟೇ ಶಬ್ದದ ವೇಗವನ್ನು ಮೀರಬಲ್ಲದು. ಇದರಲ್ಲಿ ಶತ್ರು ವಿಮಾನವನ್ನು ಪತ್ತೆಹಚ್ಚುವ ರೇಡಾರ್ ಇರಲಿಲ್ಲ; ಕ್ಷಿಪಣಿಯೂ ಇರಲಿಲ್ಲ. ಆಗಸದ ಕಾಳಗಕ್ಕೆ ಇದ್ದುದು 30 ಮಿಲಿಮೀಟರ್‌ನ ಎರಡು ಫಿರಂಗಿಗಳು ಮತ್ತು ಪೈಲಟ್‌ನ ಕಣ್ಣು.

ಎದುರಾಳಿಯ ಕೈಯಲ್ಲಿದ್ದುದು ಅಮೆರಿಕದ ಲಾಕ್‌ಹೀಡ್ ಸಂಸ್ಥೆಯ ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ, ಅಂದರೆ ಗಂಟೆಗೆ 2,000 ಕಿಲೋಮೀಟರ್‌ಗೂ ಮೀರಿ ಹಾರಬಲ್ಲ ಈ ವಿಮಾನ ಆ ಕಾಲದಲ್ಲಿ ಏಷ್ಯಾದ ಅತ್ಯಾಧುನಿಕ ಯುದ್ಧವಿಮಾನಗಳಲ್ಲಿ ಒಂದು. ಶತ್ರು ವಿಮಾನದ ಶಾಖವನ್ನು ಹಿಂಬಾಲಿಸಿ ಹೋಗುವ ಸೈಡ್‌ವೈಂಡರ್ ಕ್ಷಿಪಣಿಗಳು ಮತ್ತು ಅತಿವೇಗದಲ್ಲಿ ಗುಂಡು ಸುರಿಸುವ 20 ಮಿಲಿಮೀಟರ್‌ನ ಫಿರಂಗಿ ಇದರಲ್ಲಿದ್ದವು. ಅದು ಇದ್ದಕಡೆಯಿಂದ ತಪ್ಪಿಸಿಕೊಂಡು ಹೋಗುವುದು ಮಿಸ್ಟೇರ್‌ಗೆ ಅಸಾಧ್ಯವೆಂದೇ ಹೇಳಬೇಕು.

ಆದರೆ ಸ್ಟಾರ್‌ಫೈಟರ್‌ಗೂ ಒಂದು ದೌರ್ಬಲ್ಯವಿತ್ತು. ವೇಗಕ್ಕಾಗಿ ಅದರ ರೆಕ್ಕೆಗಳನ್ನು ಅತಿ ಗಿಡ್ಡವಾಗಿಯೂ ತೆಳುವಾಗಿಯೂ ರೂಪಿಸಲಾಗಿತ್ತು. ನೇರವಾಗಿ ನುಗ್ಗಿ ಹೊಡೆದು ದೂರ ಸರಿಯುವುದು ಅದರ ಶಕ್ತಿ. ಕಡಿಮೆ ಎತ್ತರದಲ್ಲಿ, ಕಡಿಮೆ ವೇಗದಲ್ಲಿ, ಸುತ್ತು ಹಾಕುತ್ತ ಕಾದಾಡುವ ಸಂದರ್ಭ ಬಂದರೆ ಅದು ಬೇಗ ತಿರುಗಲಾರದು. ಮಿಸ್ಟೇರ್ ತಿರುಗಬಲ್ಲದು. ಶ್ರೀ ದೇವಯ್ಯನವರಿಗೆ ಇದ್ದ ಅವಕಾಶ ಇಷ್ಟೇ.

1965ನೇ ಸೆಪ್ಟೆಂಬರ್ 7

ಸರ್ಗೋಧಾ ದಾಳಿಗೆ 1ನೇ ಸ್ಕ್ವಾಡ್ರನ್‌ನ ಹನ್ನೆರಡು ಮಿಸ್ಟೇರ್ ವಿಮಾನಗಳನ್ನು ನಿಯೋಜಿಸಲಾಯಿತು. ಸ್ಕ್ವಾಡ್ರನ್‌ನ ಮುಖ್ಯಸ್ಥರಾದ ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ ಅವರು ಸ್ವತಃ ನೇತೃತ್ವ ವಹಿಸಿದರು. ಶ್ರೀ ದೇವಯ್ಯನವರ ಹೆಸರು ಆ ಹನ್ನೆರಡು ಮಂದಿಯಲ್ಲಿರಲಿಲ್ಲ. ಯಾವುದಾದರೂ ವಿಮಾನ ಹಿಂದುಳಿದಲ್ಲಿ ಆ ಸ್ಥಾನವನ್ನು ತುಂಬುವುದಕ್ಕಾಗಿ ಅವರನ್ನು ಕಾದಿರಿಸಿದ ಪೈಲಟ್ ಆಗಿ ನೇಮಿಸಲಾಗಿತ್ತು.

ವಿಮಾನಗಳು ಇನ್ನೂ ಕತ್ತಲೆಯಿರುವಾಗಲೇ ಆದಂಪುರದಿಂದ ಮೇಲೇರಿದವು. ಒಂದು ವಿಮಾನವು ಮುಂದುವರಿಯಲಾರದೆ ಹೊರಗುಳಿಯಿತು. ಕಾದಿರಿಸಿದ ಪೈಲಟ್ ಆಗಿದ್ದ ಶ್ರೀ ದೇವಯ್ಯನವರು ಆ ಸ್ಥಾನವನ್ನು ತುಂಬಿ, ಆಗಸದಲ್ಲಿ ತಂಡವನ್ನು ಸೇರಿಕೊಂಡರು. ಚಲನಚಿತ್ರ ನೋಡಿದವರು ಇದನ್ನು ಆಜ್ಞೆ ಮೀರಿದ ಸಾಹಸವೆಂದು ಗ್ರಹಿಸುವ ಸಾಧ್ಯತೆಯಿದೆ. ಖಾಲಿಯಾದ ಸ್ಥಾನವನ್ನು ತುಂಬುವುದಕ್ಕೆಂದೇ ಕಾದಿರಿಸಿದ ಪೈಲಟ್ ಇರುತ್ತಾರೆ ಎಂಬುದನ್ನು ಇಲ್ಲಿ ಗಮನಿಸಬಹುದು.

ರೇಡಾರ್‌ನ ಕಣ್ಣಿಗೆ ಬೀಳದಂತೆ ವಿಮಾನಗಳು ನೆಲಕ್ಕೆ ಹತ್ತಿರವಾಗಿ ಹಾರಬೇಕಿತ್ತು. ಕೆಳಮಟ್ಟದ ಹಾರಾಟದಲ್ಲಿ ಜೆಟ್ ಎಂಜಿನ್ ಬಹಳ ಇಂಧನವನ್ನು ಸುಡುತ್ತದೆ. ಸರ್ಗೋಧಾ ಮಿಸ್ಟೇರ್‌ನ ವ್ಯಾಪ್ತಿಯ ಬಹುಮಟ್ಟಿಗೆ ಅಂಚಿನಲ್ಲಿತ್ತು. ಹೋಗಿ, ಒಂದು ಬಾರಿ ದಾಳಿ ನಡೆಸಿ, ನೇರವಾಗಿ ಹಿಂದಿರುಗಲು ಸಾಕಾಗುವಷ್ಟು ಇಂಧನ ಮಾತ್ರ ಇತ್ತು. ಆಗಸದಲ್ಲಿ ಕಾದಾಟಕ್ಕೆ ನಿಂತರೆ ಮನೆ ತಲುಪುವುದು ಕಷ್ಟವೆಂಬುದು ತಂಡದ ಪ್ರತಿಯೊಬ್ಬರಿಗೂ ತಿಳಿದಿತ್ತು.

ಮಬ್ಬು ಬೆಳಕಿನಲ್ಲಿ ವಿಮಾನಗಳು ಸರ್ಗೋಧಾ ತಲುಪಿ ದಾಳಿ ನಡೆಸಿದವು. ಶತ್ರುವಿಗೆ ಉಂಟಾದ ಹಾನಿಯು ನಿರೀಕ್ಷಿಸಿದಷ್ಟಿರಲಿಲ್ಲವೆಂಬುದು ನಂತರದ ಯುದ್ಧ ಇತಿಹಾಸಕಾರರ ಅಭಿಪ್ರಾಯ. ಅದೇನೇ ಇರಲಿ, ಪಾಕಿಸ್ತಾನದ ಅತ್ಯಂತ ಸುರಕ್ಷಿತ ನೆಲೆಯವರೆಗೆ ಹೋಗಿ ದಾಳಿ ನಡೆಸಿ ಬರುವುದೇ ಒಂದು ಸಾಹಸವಾಗಿತ್ತು. ದಾಳಿ ಮುಗಿಸಿದ ವಿಮಾನಗಳು ಪೂರ್ವಕ್ಕೆ ತಿರುಗಿ ಮರಳತೊಡಗಿದವು.

ಆ ಸಮಯದಲ್ಲಿ ಪಾಕಿಸ್ತಾನ ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರು ಸ್ಟಾರ್‌ಫೈಟರ್‌ನಲ್ಲಿ ಹಾರಾಟ ನಡೆಸುತ್ತಿದ್ದು, ಮರಳುತ್ತಿದ್ದ ಮಿಸ್ಟೇರ್‌ಗಳನ್ನು ಬೆನ್ನಟ್ಟಿ ಬಂದರು. ಅವರಿಗೆ ಮೊದಲು ಎದುರಾದುದು ಶ್ರೀ ದೇವಯ್ಯನವರ ವಿಮಾನ. ಹಾರಿಸಿದ ಕ್ಷಿಪಣಿ ಗುರಿ ತಪ್ಪಿತು. ನಂತರ ಫಿರಂಗಿಯಿಂದ ಗುಂಡು ಹಾರಿಸಲಾಗಿ, ಮಿಸ್ಟೇರ್‌ಗೆ ಏಟು ಬಿದ್ದಿತು. ಆ ವಿಮಾನದ ಕಥೆ ಮುಗಿಯಿತೆಂದು ಭಾವಿಸಿದ ಅಮ್ಜದ್ ಹುಸೇನ್ ಅವರು ಮುಂದಿದ್ದ ಇತರ ಮಿಸ್ಟೇರ್‌ಗಳತ್ತ ಗಮನ ಹರಿಸಿದರು.

ಮಿಸ್ಟೇರ್ ಬಿದ್ದಿರಲಿಲ್ಲ. ಏಟು ತಿಂದ ವಿಮಾನವನ್ನು ಶ್ರೀ ದೇವಯ್ಯನವರು ಹತೋಟಿಗೆ ತಂದುಕೊಂಡಿದ್ದರು. ಆ ಗಳಿಗೆಯಲ್ಲಿ ಅವರ ಮುಂದೆ ಇದ್ದ ದಾರಿಗಳು ಎರಡು. ಶತ್ರುವಿನ ಗಮನ ಬೇರೆಡೆಗೆ ಹರಿದಿರುವಾಗ ತಗ್ಗಿನಲ್ಲಿ ಹಾರಿ ಗಡಿಯತ್ತ ಸಾಗಲು ಪ್ರಯತ್ನಿಸುವುದು ಒಂದು. ಇಂಧನ ಮುಗಿಯುವುದನ್ನು ಅರಿತೂ ತಿರುಗಿ ನಿಂತು, ತಮ್ಮವರ ಬೆನ್ನಟ್ಟಿರುವ ಸ್ಟಾರ್‌ಫೈಟರ್‌ನೊಡನೆ ಕಾದಾಡುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು.

ಮುಂದೆ ನಡೆದುದು ಸುತ್ತು ಸುತ್ತಿನ ಕಾಳಗ. ನೆಲಕ್ಕೆ ಹತ್ತಿರವಾಗಿ ನಡೆದ ಈ ಸೆಣಸಾಟದಲ್ಲಿ ಸ್ಟಾರ್‌ಫೈಟರ್ ತನ್ನ ವೇಗದ ಲಾಭವನ್ನು ಬಿಟ್ಟುಕೊಟ್ಟು ಮಿಸ್ಟೇರ್‌ನೊಡನೆ ತಿರುಗತೊಡಗಿತು. ಬೋಧಕರಾಗಿದ್ದವರಿಗೆ ಬೇಕಾದುದು ಇದೇ. ಶ್ರೀ ದೇವಯ್ಯನವರು ಫಿರಂಗಿಯ ಗುಂಡುಗಳನ್ನು ಗುರಿಗೆ ತಾಗಿಸಿದರು. ಸ್ಟಾರ್‌ಫೈಟರ್ ಹತೋಟಿ ಕಳೆದುಕೊಂಡಿತು. ಅಮ್ಜದ್ ಹುಸೇನ್ ಅವರು ಅತಿ ಕಡಿಮೆ ಎತ್ತರದಲ್ಲಿ ವಿಮಾನದಿಂದ ಹೊರಚಿಮ್ಮಿ ಪ್ಯಾರಾಚೂಟ್ ಸಹಾಯದಿಂದ ಪ್ರಾಣ ಉಳಿಸಿಕೊಂಡರು.

ಶ್ರೀ ದೇವಯ್ಯನವರ ವಿಮಾನವೂ ಪಾಕಿಸ್ತಾನದ ನೆಲದಲ್ಲಿಯೇ ಪತನಗೊಂಡಿತು. ಅದಕ್ಕೆ ಏಟು ಕಾರಣವೋ, ಇಂಧನ ಮುಗಿದುದು ಕಾರಣವೋ, ನೋಡಿ ಹೇಳಬಲ್ಲ ಭಾರತೀಯರು ಅಲ್ಲಿ ಯಾರೂ ಇರಲಿಲ್ಲ. ಆಗ ಅವರಿಗೆ 32 ವರ್ಷ.

ಕಾಣೆಯಾದವರು ಎಂಬ ನಮೂದು

ಆದಂಪುರದಲ್ಲಿ ಮರಳಿ ಬಂದ ವಿಮಾನಗಳನ್ನು ಎಣಿಸಿದಾಗ ಒಂದು ಕಡಿಮೆಯಿತ್ತು. ಸಂಗಡಿಗರು ಕಾಳಗವನ್ನು ಕಂಡಿರಲಿಲ್ಲ. ಮಬ್ಬು ಬೆಳಕು, ನೆಲಕ್ಕೆ ಅಂಟಿದಂತಿದ್ದ ಹಾರಾಟ, ಚದುರಿಹೋದ ತಂಡಗಳು, ಇವುಗಳ ನಡುವೆ ಹಿಂದೆ ಉಳಿದ ಒಂದು ವಿಮಾನಕ್ಕೆ ಏನಾಯಿತೆಂದು ತಿಳಿಯುವ ಬಗೆ ಇರಲಿಲ್ಲ. ಶ್ರೀ ದೇವಯ್ಯನವರನ್ನು ದಾಖಲೆಯಲ್ಲಿ ಕಾಣೆಯಾದವರೆಂದು ನಮೂದಿಸಲಾಯಿತು. ನಂತರ ಮೃತರೆಂದು ಭಾವಿಸಲಾಯಿತು.

ಯುದ್ಧ ಸೆಪ್ಟೆಂಬರ್ 23ರಂದು ನಿಂತಿತು. 1966ನೇ ಜನವರಿ 10ರಂದು ತಾಷ್ಕೆಂಟ್ ಒಪ್ಪಂದವಾಯಿತು. ಸೆರೆಯಾಳುಗಳ ವಿನಿಮಯ ನಡೆಯಿತು. ಕೊಡಗಿನವರೇ ಆದ, ಕಾರ್ಯಪ್ಪನವರ ಮಗ ಫ್ಲೈಟ್ ಲೆಫ್ಟಿನೆಂಟ್ ಕೆ. ಸಿ. ಕಾರ್ಯಪ್ಪನವರು ಇದೇ ಯುದ್ಧದಲ್ಲಿ ಸೆಪ್ಟೆಂಬರ್ 22ರಂದು ಹಂಟರ್ ವಿಮಾನದಲ್ಲಿ ಹಾರುತ್ತಿದ್ದಾಗ ಹೊಡೆತಕ್ಕೆ ಸಿಕ್ಕಿ ಸೆರೆಯಾಗಿದ್ದರು. ಅವರು ಜೀವಂತವಾಗಿರುವ ಸುದ್ದಿ ಮನೆಗೆ ತಲುಪಿತ್ತು. ಅವರು ಮರಳಿಯೂ ಬಂದು, ಮುಂದೆ ಏರ್ ಮಾರ್ಷಲ್ ಹುದ್ದೆಗೆ ಏರಿದರು. ಅಜ್ಜಮಾಡ ಕುಟುಂಬಕ್ಕೆ ಅಂತಹ ಯಾವ ಸುದ್ದಿಯೂ ಬರಲಿಲ್ಲ.

ಕಾಣೆ ಎಂಬ ಪದವನ್ನು ಕಚೇರಿಯ ಕಾಗದದಲ್ಲಿ ಬರೆಯುವುದು ಸುಲಭ. ಮನೆಯಲ್ಲಿ ಅದರೊಡನೆ ಬದುಕುವುದು ಬೇರೆಯೇ ಮಾತು. ಕೊಡಗಿನಲ್ಲಿ ಸಾವು ಸಂಭವಿಸಿದಾಗ ಕೋವಿಯ ಗುಂಡು ಹಾರಿಸಿ ಊರಿಗೆ ತಿಳಿಸುವುದು ಹಳೆಯ ವಾಡಿಕೆ. ಕಾಣೆಯಾದವರಿಗಾಗಿ ಯಾವ ದಿನ ಗುಂಡು ಹಾರಿಸಬೇಕು ಎಂಬುದಕ್ಕೆ ಯಾವ ವಾಡಿಕೆಯಲ್ಲಿಯೂ ಉತ್ತರವಿಲ್ಲ. ಯುದ್ಧ ಮುಗಿದ ಮೇಲೆ ಶೌರ್ಯ ಪ್ರಶಸ್ತಿಗಳು ಘೋಷಣೆಯಾದವು. ಸರ್ಗೋಧಾ ದಾಳಿಯ ನೇತೃತ್ವಕ್ಕಾಗಿ ತನೇಜಾ ಅವರಿಗೆ ವೀರ ಚಕ್ರ ದೊರೆಯಿತು. ಕಂಡವರಿಲ್ಲದ ಕಾಳಗಕ್ಕೆ ಶಿಫಾರಸು ಬರೆಯುವುದು ಹೇಗೆ? ಶ್ರೀ ದೇವಯ್ಯನವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ಗಡಿಯಾಚೆಯಿಂದ ಬಂದ ಸಾಕ್ಷ್ಯ

ಪಾಕಿಸ್ತಾನವು ಸ್ಟಾರ್‌ಫೈಟರ್ ಒಂದನ್ನು ಕಳೆದುಕೊಂಡಿತೆಂಬುದು ಅಲ್ಲಿನವರಿಗೆ ಮೊದಲಿನಿಂದಲೂ ಗೊತ್ತಿತ್ತು. ಆದರೆ ಸಿಡಿದ ಮಿಸ್ಟೇರ್‌ನ ಚೂರುಗಳಿಗೆ ಸಿಲುಕಿ ಅದು ಬಿದ್ದಿತೆಂದು ಆರಂಭದಲ್ಲಿ ಹೇಳಲಾಗುತ್ತಿತ್ತು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರು 1965ರ ವಾಯುಯುದ್ಧವನ್ನು ಕುರಿತು ಬರೆದ ಪುಸ್ತಕ ಪ್ರಕಟವಾಯಿತು. ಪಾಕಿಸ್ತಾನ ವಾಯುಪಡೆಯ ಸಹಕಾರದಿಂದ ಸಿದ್ಧವಾದ ಈ ಪುಸ್ತಕದ ಉದ್ದೇಶ ಭಾರತೀಯ ಪೈಲಟ್‌ಗಳ ಗುಣಗಾನವಾಗಿರಲಿಲ್ಲ. ಹೀಗಿದ್ದೂ, ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್ ಒಂದು ಮಿಸ್ಟೇರ್‌ನೊಡನೆ ಕಾದಾಡಿ ಅದರ ಗುಂಡಿನೇಟಿಗೆ ಬಿದ್ದ ವಿವರ ಅದರಲ್ಲಿತ್ತು. ಮಿಸ್ಟೇರ್‌ನ ಪೈಲಟ್ ಯಾರೆಂಬುದು ಅಲ್ಲಿ ತಿಳಿದಿರಲಿಲ್ಲ.

ಹೆಸರು ಇದ್ದುದು ಭಾರತದ ದಾಖಲೆಯಲ್ಲಿ. ಆ ನಸುಕಿನ ದಾಳಿಗೆ ಹೋದ ಮಿಸ್ಟೇರ್‌ಗಳ ಪೈಕಿ ಹಿಂದಿರುಗದೇ ಉಳಿದುದು ಒಂದೇ ಒಂದು. ಅದು ಶ್ರೀ ದೇವಯ್ಯನವರದು. ಎರಡು ದೇಶಗಳ ಕಾಗದಗಳಲ್ಲಿ ಹರಿದು ಬಿದ್ದಿದ್ದ ಒಂದೇ ಸಂಗತಿಯ ಎರಡು ತುಂಡುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಂಶಯಕ್ಕೆ ಎಡೆ ಉಳಿಯಲಿಲ್ಲ. ಅವರ ಶವವು ಗ್ರಾಮಸ್ಥರಿಗೆ ದೊರೆತು, ಅವರು ಅಲ್ಲಿಯೇ ಮಣ್ಣು ಮಾಡಿದರೆಂಬುದೂ ನಂತರ ತಿಳಿದುಬಂದಿತು.

ಅಷ್ಟು ಹೊತ್ತಿಗೆ ಗ್ರೂಪ್ ಕ್ಯಾಪ್ಟನ್ ಹುದ್ದೆಗೆ ಏರಿದ್ದ ತನೇಜಾ ಅವರು, ತಮ್ಮ ತಂಡದ ಪೈಲಟ್‌ಗೆ ಸಲ್ಲಬೇಕಾದ ಗೌರವ ಬಾಕಿ ಉಳಿದಿದೆಯೆಂದು ವಾಯುಪಡೆಯ ಮುಖ್ಯಾಲಯಕ್ಕೆ ನಿವೇದಿಸಿಕೊಂಡರು. ಯುದ್ಧ ಮುಗಿದು ಎರಡು ದಶಕಗಳಾದ ಮೇಲೆ ಶೌರ್ಯ ಪ್ರಶಸ್ತಿಯ ಕಡತವನ್ನು ಹೊಸದಾಗಿ ತೆರೆಯುವುದು ಸಾಮಾನ್ಯವಾಗಿ ನಡೆಯುವ ಕ್ರಮವಲ್ಲ. ದಾಳಿಗೆ ಹೋದವರ ಪಟ್ಟಿ, ಹಿಂದಿರುಗದವರ ನಮೂದು, ಎದುರಾಳಿಯ ಕಡೆಯ ವಿವರ, ಇವೆಲ್ಲವೂ ಒಂದಕ್ಕೊಂದು ತಾಳೆಯಾದುದರಿಂದ ಮತ್ತು ತನೇಜಾ ಅವರು ಪಟ್ಟುಹಿಡಿದುದರಿಂದ ಅದು ಸಾಧ್ಯವಾಯಿತು.

ಪ್ರಶಸ್ತಿ

1988ರಲ್ಲಿ ಸ್ಕ್ವಾಡ್ರನ್ ಲೀಡರ್ ಎ. ಬಿ. ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿ ಗೌರವಿಸಲಾಯಿತು. ಶತ್ರುವಿನ ಸಮ್ಮುಖದಲ್ಲಿ ತೋರಿದ ಶೌರ್ಯಕ್ಕಾಗಿ ನೀಡಲಾಗುವ ಪ್ರಶಸ್ತಿಗಳಲ್ಲಿ ಪರಮವೀರ ಚಕ್ರದ ನಂತರದ ಸ್ಥಾನ ಇದರದು. 1950ನೇ ಜನವರಿ 26ರಂದು ಸ್ಥಾಪಿತವಾದ ಈ ಪದಕವು ಬೆಳ್ಳಿಯದಾಗಿದ್ದು, ಮೇಲೆ ಐದು ಮೂಲೆಯ ನಕ್ಷತ್ರವಿರುತ್ತದೆ; ಪಟ್ಟಿಯ ಅರ್ಧ ಬಿಳಿ, ಅರ್ಧ ಕಿತ್ತಳೆ ಬಣ್ಣ. ಪದಕವನ್ನು ಶ್ರೀ ದೇವಯ್ಯನವರ ಪತ್ನಿ ಸ್ವೀಕರಿಸಿದರು. ಪತಿ ಹಿಂದಿರುಗದ ದಿನದಿಂದ ಅಂದಿಗೆ ಇಪ್ಪತ್ತೆರಡು ವರ್ಷಗಳು ಕಳೆದು ಇಪ್ಪತ್ತಮೂರನೆಯ ವರ್ಷ ನಡೆಯುತ್ತಿತ್ತು.

ಎದುರಾಳಿ ಅಮ್ಜದ್ ಹುಸೇನ್ ಅವರು ತಮ್ಮ ದೇಶದ ವಾಯುಪಡೆಯಲ್ಲಿ ಸೇವೆ ಮುಂದುವರಿಸಿದರು. 1971ರ ಯುದ್ಧದಲ್ಲಿ ವಿಂಗ್ ಕಮಾಂಡರ್ ಆಗಿದ್ದ ಅವರು ಸ್ಟಾರ್‌ಫೈಟರ್‌ನಲ್ಲಿಯೇ ಅಮೃತಸರದ ಮೇಲೆ ದಾಳಿಗೆ ಬಂದಾಗ ವಿಮಾನ ನಿರೋಧಕ ಫಿರಂಗಿಯ ಹೊಡೆತಕ್ಕೆ ಸಿಕ್ಕಿ, ಮತ್ತೊಮ್ಮೆ ಪ್ಯಾರಾಚೂಟ್‌ನಲ್ಲಿ ಇಳಿದು, ಭಾರತದ ಸೆರೆಯಾಳಾದರು. ಹಾಗೆ ಸೆರೆಯಲ್ಲಿದ್ದ ವ್ಯಕ್ತಿಗೆ, ಆರು ವರ್ಷಗಳ ಹಿಂದೆ ಹಿಂದಿರುಗದ ಮಿಸ್ಟೇರ್ ಬಗ್ಗೆ ಹೇಳುವುದು ಬಹಳವಿತ್ತು. ಹೊರಜಗತ್ತಿಗೆ ಆ ವಿವರ ತಿಳಿದುದು ಮಾತ್ರ 1979ರ ಪುಸ್ತಕದಿಂದ.

ಕಥೆ ಮತ್ತು ದಾಖಲೆ

ಯುದ್ಧ ವೈಮಾನಿಕರ ಕಥೆಗಳಲ್ಲಿ ನಾಯಕನ ಸಾಹಸವನ್ನು ನೋಡಿದವರು ಯಾರಾದರೂ ಇದ್ದೇ ಇರುತ್ತಾರೆ. ಸಂಗಡಿಗರು ರೇಡಿಯೋದಲ್ಲಿ ಕೊನೆಯ ಮಾತು ಕೇಳುತ್ತಾರೆ, ವಿಮಾನ ಉರುಳುವುದನ್ನು ಕಾಣುತ್ತಾರೆ. ಶ್ರೀ ದೇವಯ್ಯನವರ ವಿಷಯದಲ್ಲಿ ಅದೊಂದೂ ಇರಲಿಲ್ಲ. ಅವರ ಪರಾಕ್ರಮಕ್ಕೆ ಸಾಕ್ಷಿಯಾಗಿ ಉಳಿದವರು ಒಬ್ಬರೇ, ಅವರು ಎದುರಾಳಿ. ಸಿನಿಮಾದವರು ತುಂಬಿಕೊಳ್ಳಬೇಕಾದ ಖಾಲಿ ಜಾಗ ಇದ್ದುದು ಇಲ್ಲಿಯೇ, ಮತ್ತು ಅದನ್ನು ಅವರು ಕಲ್ಪನೆಯಿಂದ ತುಂಬಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಪರದೆಯ ಮೇಲೆ ಕಂಡ ಮಾತುಗಳನ್ನೂ ಪ್ರಸಂಗಗಳನ್ನೂ ಶಾಲಾ ಭಾಷಣ, ಪ್ರಬಂಧ ಅಥವಾ ಸ್ಮರಣ ಸಂಚಿಕೆಗಳಲ್ಲಿ ನಡೆದ ಸಂಗತಿಯೆಂದು ಬರೆಯಬಾರದೆಂದು ಕೋರಲಾಗಿದೆ. ಈ ಕಾಳಗದ ಬಗ್ಗೆ ವಿವರವಾಗಿ ತಿಳಿಯಲಿಚ್ಛಿಸುವವರು ಪಿ. ವಿ. ಎಸ್. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ ಅವರು 1965ರ ವಾಯುಯುದ್ಧವನ್ನು ಕುರಿತು ಬರೆದು 2005ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕವನ್ನು ನೋಡಬಹುದು.

ಪಾಕಿಸ್ತಾನದಲ್ಲಿ ಸೆಪ್ಟೆಂಬರ್ 7ನ್ನು ವಾಯುಪಡೆ ದಿನವಾಗಿ ಆಚರಿಸಲಾಗುತ್ತದೆ. 1965ರ ಆ ದಿನ ಸರ್ಗೋಧಾದ ಮೇಲೆ ಭಾರತವು ಹಲವು ಸುತ್ತಿನ ದಾಳಿ ನಡೆಸಿತು. ಎರಡೂ ಕಡೆಯವರು ವಿಮಾನಗಳನ್ನು ಕಳೆದುಕೊಂಡರು. ಕೊಡಗಿನಲ್ಲಿ ಅದೇ ದಿನಾಂಕಕ್ಕೆ ಬೇರೊಂದು ಅರ್ಥವಿದೆ.

ಸ್ಮಾರಕಗಳು

ನವದೆಹಲಿಯಲ್ಲಿ 2019ನೇ ಫೆಬ್ರವರಿ 25ರಂದು ಉದ್ಘಾಟನೆಗೊಂಡ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ ಸ್ವಾತಂತ್ರ್ಯಾನಂತರದ ಯುದ್ಧಗಳಲ್ಲಿ ಮಡಿದವರ ಹೆಸರುಗಳನ್ನು ಕೆತ್ತಲಾಗಿದೆ. ಭಾರತೀಯ ವಾಯುಪಡೆಯು ಮಿಸ್ಟೇರ್ ವಿಮಾನಗಳನ್ನು 1973ರಲ್ಲಿ ಸೇವೆಯಿಂದ ಹಿಂತೆಗೆದುಕೊಂಡಿತು. ಮಡಿಕೇರಿಯಲ್ಲಿ ಹಳೆಯ ಖಾಸಗಿ ಬಸ್ ನಿಲ್ದಾಣದ ಸಮೀಪದ ವೃತ್ತಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರನ್ನಿಡಲಾಗಿದ್ದು, ಅಲ್ಲಿ ಅವರ ಪ್ರತಿಮೆಯನ್ನು 2020ರಲ್ಲಿ ಅನಾವರಣಗೊಳಿಸಲಾಯಿತು.